ಓದದೆ ಬಿಟ್ಟ ಹನ್ನೆರಡು ಪುಟ

ಮೊದಲ ದಿನ ಇರೀನ್ ಮೆಲ್ನಿಕ್ ನನ್ನನ್ನು ಪ್ರೊಫೆಸರ್ ಅಂದುಕೊಂಡಿದ್ದಳು.

ತಪ್ಪು ಲೈಬ್ರರಿಯವರದು. ಕಣ್ಣು ಮಂಜಾದವರ ಮನೆಗೆ ಹೋಗಿ ಓದಿ ಹೇಳಲು ಜನ ಬೇಕು ಅಂತ ಅವರು ಚೀಟಿ ಅಂಟಿಸಿದ್ದರು. ನಾನು ನಿವೃತ್ತನಾಗಿ ಎರಡು ವರ್ಷ, ಹೆಂಡತಿ ಕಾರಿನಾ ತೀರಿಕೊಂಡು ಆರು ವರ್ಷ ಆಗಿತ್ತು. ರೇಡಿಯೋ ಜೊತೆ ಜಗಳ ಆಡುವ ಮಟ್ಟಕ್ಕೆ ಬಂದಿದ್ದೆ. ಫಾರಂ ತುಂಬಿದೆ. 'ಓದುವ ಅಭ್ಯಾಸ' ಅನ್ನುವಲ್ಲಿ 'ದಿನವೂ ಓದುತ್ತೇನೆ' ಅಂತ ಬರೆದು, ಕೆಳಗೆ ಆರ್ವೋ ಲೆಹ್ತೊ ಅಂತ ಸಹಿ ಹಾಕಿದೆ. ಸುಳ್ಳಲ್ಲ. ದಿನವೂ ಓದುತ್ತಿದ್ದೆ. ಐಸ್ ಹಾಕಿ ಸ್ಕೋರು ಮತ್ತು ಹವಾಮಾನ.

ಸೆಪ್ಟೆಂಬರಿನ ಕೊನೆಯ ಮಂಗಳವಾರ, ಮಧ್ಯಾಹ್ನ ಎರಡಕ್ಕೆ ಅವಳ ಬಾಗಿಲು ತಟ್ಟಿದೆ. ಕೈಯಲ್ಲಿ ಬೇಕರಿಯ ಡಬ್ಬ ಇತ್ತು. ನಮ್ಮ ಊರು ಥಂಡರ್ ಬೇಯಲ್ಲಿ ಯಾರ ಮನೆಗಾದರೂ ಮೊದಲ ಸಲ ಹೋಗುವಾಗ ಗುಲಾಬಿ ಸಕ್ಕರೆ ಸವರಿದ ಪರ್ಷಿಯನ್ ಬನ್ನು ಒಯ್ದರೆ ಅರ್ಧ ಕೆಲಸ ಆದ ಹಾಗೆ.

ಬಾಗಿಲು ತೆರೆದವಳು ಅರವತ್ತೊಂದರ ಹೆಂಗಸು. ಬೆಳ್ಳಿ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿದ್ದಳು. ನನ್ನ ಮುಖ ಬಿಟ್ಟು ಕಿವಿಯ ಪಕ್ಕದ ಗಾಳಿಯನ್ನು ನೋಡಿ ನಕ್ಕಳು. ಕಣ್ಣಿನ ನಡುವಿನ ದೃಷ್ಟಿ ಹೋಗಿ ಅಂಚು ಮಾತ್ರ ಉಳಿದಿತ್ತು ಅವಳಿಗೆ. ಯಾರನ್ನಾದರೂ ನೋಡಬೇಕಾದರೆ ಬೇರೆ ಕಡೆ ನೋಡಬೇಕು.

"ಬನ್ನಿ ಪ್ರೊಫೆಸರ್. ಯಾವ ಯೂನಿವರ್ಸಿಟಿ?"

"ಬಂದರಿನ ಗೋಧಿ ಗೋದಾಮು, ಮೇಡಂ. ಮೂವತ್ತನಾಲ್ಕು ವರ್ಷ. ಹಡಗಿಗೆ ಗೋಧಿ ತುಂಬಿಸ್ತಿದ್ದೆ."

ಅವಳ ನಗು ಅರ್ಧಕ್ಕೆ ನಿಂತಿತು.

"ಕವಿತೆ ಓದಿದೀರಾ?"

"ಸ್ಕೂಲಲ್ಲಿ. ಟೀಚರ್ ಕಾಟಕ್ಕೆ."

"ಅಯ್ಯೋ ದೇವರೇ," ಅಂತ ಹಣೆ ಒತ್ತಿಕೊಂಡಳು. ಆಮೇಲೆ ಮೂಗು ಅರಳಿಸಿದಳು. "ಅದು ಪರ್ಷಿಯನ್ನಾ? ಒಳಗೆ ಬನ್ನಿ. ಇವತ್ತು ನಿಮ್ಮನ್ನ ಉಳಿಸಿದ್ದು ಆ ಡಬ್ಬ. ಮತ್ತೆ ಮೇಡಂ ಗೀಡಂ ಬೇಡ, ಇರೀನ್ ಅನ್ನಿ."

ಅಡುಗೆಮನೆಯ ಮೇಜಿನ ಮೇಲೆ ಆರು ತೆಳ್ಳನೆಯ ಪುಸ್ತಕ. ಎಲ್ಲವೂ ಹೊಸ ಕವನ ಸಂಕಲನಗಳು. ಟೊರಾಂಟೋದ ಒಂದು ತ್ರೈಮಾಸಿಕಕ್ಕೆ ಇಪ್ಪತ್ತೆಂಟು ವರ್ಷದಿಂದ ಅವಳು ವಿಮರ್ಶೆ ಬರೆಯುತ್ತಿದ್ದಳು. ವರ್ಷಕ್ಕೆ ನಾಲ್ಕು ಸಂಚಿಕೆ, ಸಂಚಿಕೆಗೆ ಆರು ಪುಸ್ತಕ. ದೇಶದ ಈ ಕರಾವಳಿಯಿಂದ ಆ ಕರಾವಳಿವರೆಗೆ ಯಾವ ಸಣ್ಣ ಪ್ರಕಾಶಕ ಪುಸ್ತಕ ತಂದರೂ ಒಂದು ಪ್ರತಿ ಅವಳ ಮನೆಗೆ ಬರುತ್ತಿತ್ತು.

"ಸಂಪಾದಕ ಫರ್ಗಸ್‌ಗೆ ನನ್ನ ಕಣ್ಣಿನ ವಿಷಯ ಗೊತ್ತಿಲ್ಲ," ಅಂದಳು. "ಗೊತ್ತಾಗೋದೂ ಬೇಡ. ಈ ಮನೆ ಮಾತು ಮನೇಲೇ ಇರಲಿ."

ನಾನು ಒಂದು ಪುಸ್ತಕ ತೆಗೆದು ಓದಲು ಶುರು ಮಾಡಿದೆ. ಅರ್ಧ ಪುಟ ಆಗುವಷ್ಟರಲ್ಲಿ ಅವಳು ಮೇಜು ಬಡಿದಳು.

"ನಿಲ್ಲಿ, ನಿಲ್ಲಿ! ಇದು ಕವಿತೆಯಾ, ರೈಲು ಹೊರಡೋ ಅನೌನ್ಸ್‌ಮೆಂಟಾ? ಸಾಲು ಎಲ್ಲಿ ಮುರೀತು?"

"ಮುರೀತಾ? ಪುಸ್ತಕ ಹೊಸದಾಗೇ ಇದೆಯಲ್ಲ."

ಅವಳು ನಕ್ಕ ರೀತಿ ನನಗೆ ಇವತ್ತಿಗೂ ನೆನಪಿದೆ. ಕಾಫಿ ಬಟ್ಟಲು ಕೆಳಗಿಟ್ಟು, ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡು ನಕ್ಕಳು.

*

ಸಾಲಿನ ಕೊನೆಯಲ್ಲಿ ನಿಂತು ಓದಿದರೆ ಕುಂಟಿದ ಹಾಗಾಗುತ್ತಿತ್ತು. ನಿಲ್ಲದೆ ಓದಿದರೆ ಸಾಲು ಎಲ್ಲಿ ಮುಗಿಯಿತು ಅಂತ ಅವಳಿಗೆ ತಿಳಿಯುತ್ತಿರಲಿಲ್ಲ. ಮೂರನೆಯ ವಾರ ಅವಳೇ ಉಪಾಯ ಹುಡುಕಿದಳು. ಮೇಜಿನ ಮೇಲೆ ಕೈ ಚಾಚಿ, ಸ್ವೆಟರ್ ತೋಳು ಮೇಲಕ್ಕೆ ಸರಿಸಿದಳು.

"ನೀವು ನಿಲ್ಲಬೇಡಿ. ಸಾಲು ಮುಗಿದಾಗ ಇಲ್ಲಿ ಮಣಿಕಟ್ಟಿನ ಮೇಲೆ ಒಂದು ಸಲ ಮುಟ್ಟಿ. ಪದ್ಯಭಾಗ ಮುಗಿದರೆ ಎರಡು ಸಲ."

ನನ್ನ ಬೆರಳು ಗೋದಾಮಿನ ಬೆರಳು, ಒರಟು. ಮೊದಲ ಸಾಲು ಮುಗಿದಾಗ ಮುಟ್ಟಲು ಹೆದರಿಕೆಯಾಯಿತು. ಮುಟ್ಟಿದೆ. ನಾಡಿ ಸಿಕ್ಕಿತು.

"ನಾಡಿ ನೋಡೋಕೆ ಡಾಕ್ಟರ್ ಇದಾರೆ," ಅಂದಳು. "ಮುಂದೆ ಓದಿ."

ಅವಳು ಪ್ರತಿ ಪುಸ್ತಕವನ್ನೂ ಮೂರು ಸಲ ಓದಿಸುತ್ತಿದ್ದಳು. ಮೊದಲ ಸಲ ಬರೀ ಕಿವಿಗೆ. ಎರಡನೇ ಸಲ ಸುಳ್ಳು ಪದ ಹುಡುಕಲಿಕ್ಕೆ. ಮೂರನೇ ಸಲ ಕವಿ ಏನು ಹೇಳದೆ ಬಿಟ್ಟಿದ್ದಾನೆ ಅಂತ ತಿಳಿಯಲಿಕ್ಕೆ. ನಾನೊಮ್ಮೆ, ವಿನ್ನಿಪೆಗ್‌ನ ಒಬ್ಬ ಬಸ್ ಡ್ರೈವರ್ ಬರೆದ ಸಂಕಲನ ಮುಗಿಸಿ, "ಮನಸ್ಸಿಗೆ ಮುಟ್ಟಿತು" ಅಂದೆ.

"ಎಲ್ಲಿ ಮುಟ್ಟಿತು? ಎಷ್ಟನೇ ಸಾಲು?"

"ಹಾಗೇ... ಒಟ್ಟಾರೆ."

"ಒಟ್ಟಾರೆ ಅನ್ನೋದು ವಿಮರ್ಶೆ ಅಲ್ಲ, ಸೋಮಾರಿತನ. ಆ ಮನುಷ್ಯ ಒಂದೊಂದು ಸಾಲಿಗೆ ಒಂದೊಂದು ತಿಂಗಳು ಕೊಟ್ಟಿದ್ದಾನೆ. ನೀವು ಒಂದು ಸಾಲನ್ನಾದರೂ ಎತ್ತಿ ಹೇಳಿ."

ಹುಡುಕಿದೆ. ಕೊನೆಯ ನಿಲ್ದಾಣದಲ್ಲಿ ಮಲಗಿಬಿಟ್ಟ ಪ್ರಯಾಣಿಕನನ್ನು ಎಬ್ಬಿಸದೆ ಡ್ರೈವರ್ ಇನ್ನೊಂದು ಸುತ್ತು ಬಸ್ಸು ಓಡಿಸುವ ಸಾಲು ತೋರಿಸಿದೆ. ಅವಳು ಆ ಸಾಲನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ, "ಗೋದಾಮಿನವರಿಗೆ ಒಳ್ಳೇ ಕಾಳು ಗುರುತಾಗುತ್ತೆ," ಅಂದಳು. ಜೀವನದಲ್ಲಿ ಯಾವ ಫೋರ್‌ಮನ್ನೂ ನನ್ನನ್ನು ಅಷ್ಟು ಹೊಗಳಿರಲಿಲ್ಲ.

ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಒಬ್ಬ ಹುಡುಗಿಯ ಪುಸ್ತಕದಲ್ಲಿ ಅರ್ಧ ಸಾಲುಗಳು ಅವಳ ಭಾಷೆಯವು. ನನ್ನ ಬಾಯಲ್ಲಿ ಅವು ಕಲ್ಲಿನ ಹಾಗೆ ಬೀಳುತ್ತಿದ್ದವು. "ತಪ್ಪಾಗಿ ಕೇಳಿ ನಾನು ಬರೆಯಲ್ಲ," ಅಂತ ಇರೀನ್ ಹಟ ಹಿಡಿದಳು. ನಾನು ಹೋಗುವ ಕ್ಲಿನಿಕ್ಕಿನ ನರ್ಸಮ್ಮ ಒಜಿಬ್ವೆಯವರು. ಅವರ ಹತ್ತಿರ ಹೋಗಿ ಒಂದೊಂದೇ ಪದ ಹೇಳಿಸಿಕೊಂಡು ಬಂದೆ. ಅವರು ನಕ್ಕಿದ್ದನ್ನೂ ಸೇರಿಸಿ ಇರೀನ್‌ಗೆ ಒಪ್ಪಿಸಿದೆ.

ವ್ಯಾಂಕೂವರ್‌ನ ಇನ್ನೊಬ್ಬ ಕವಿ ಪುಟಕ್ಕೆ ನಾಲ್ಕೇ ಪದ ಬರೆದಿದ್ದ.

"ಉಳಿದದ್ದು ಖಾಲಿ," ಅಂದೆ.

"ಎಷ್ಟು ಖಾಲಿ?"

"ಎರಡು ಅಂಗೈ ಅಗಲ."

"ಹಾಗಾದ್ರೆ ಅಷ್ಟು ಹೊತ್ತು ಸುಮ್ಮನಿರು."

ಸುಮ್ಮನಿದ್ದೆವು. ಹೊರಗೆ ವರ್ಷದ ಮೊದಲ ಹಿಮ ಸಣ್ಣಗೆ ಬೀಳುತ್ತಿತ್ತು. ನನ್ನ ಬೆರಳು ಅವಳ ಮಣಿಕಟ್ಟಿನ ಮೇಲೆ ಇತ್ತು, ತೆಗೆಯಲು ಮರೆತಿದ್ದೆ. ಅವಳೂ ಸರಿಸಲಿಲ್ಲ. 'ಸುಮ್ಮನಿರು' ಅಂದಿದ್ದಳು, 'ಸುಮ್ಮನಿರಿ' ಅಲ್ಲ. ಅದು ನನಗೆ ಕಾಫಿ ಆರಿದ ಮೇಲೆ ಹೊಳೆಯಿತು.

"ಇರೀನ್, ಕಿಟಕಿ ಕಡೆ ಏನು ನೋಡ್ತಿದ್ದೀಯ?" ಧೈರ್ಯ ಮಾಡಿ ನಾನೂ ಏಕವಚನಕ್ಕೆ ಇಳಿದೆ.

"ನಿನ್ನ ನೋಡ್ತಿದ್ದೀನಿ, ಪುಣ್ಯಾತ್ಮ. ಕಿಟಕಿ ಕಡೆ ತಿರುಗಿದ್ರೇನೇ ನೀನು ಕಾಣೋದು. ಮೂಗು ಸ್ವಲ್ಪ ದೊಡ್ಡದು. ಆದರೂ ಪರವಾಗಿಲ್ಲ."

ಅರವತ್ತನಾಲ್ಕರ ವಯಸ್ಸಿನಲ್ಲಿ ಕಿವಿ ಬಿಸಿಯಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

*

ನವೆಂಬರಿನಲ್ಲಿ ಆರನೆಯ ಪುಸ್ತಕಕ್ಕೆ ಬಂದೆವು. 'ಒಡ್ಡಿನ ಆಚೆ ಹುಲ್ಲು'. ಬರೆದವಳು ನ್ಯೂ ಬ್ರನ್ಸ್‌ವಿಕ್‌ನ ನೋಯೆಲ್ಲಾ ಗೌದೆ. ಮೊದಲ ಸಂಕಲನ. ಒಂಬತ್ತು ವರ್ಷದ ಕೆಲಸ ಅಂತ ಹಿಂಬದಿಯ ರಕ್ಷಾಪುಟದಲ್ಲಿತ್ತು.

ಅಷ್ಟರಲ್ಲಿ ನನಗೊಂದು ಅಭ್ಯಾಸ ಆಗಿತ್ತು. ಪುಸ್ತಕವನ್ನು ಹಿಂದಿನ ದಿನವೇ ಮನೆಗೆ ಒಯ್ದು, ತಡವರಿಸದ ಹಾಗೆ ಗಟ್ಟಿಯಾಗಿ ಓದಿ ನೋಡುವುದು. ಗುರುವಾರ ಬೆಳಿಗ್ಗೆ ಗಂಜಿ ಒಲೆಯ ಮೇಲಿಟ್ಟು ಓದುತ್ತಾ ಕೂತೆ. ಮೊದಲ ನಲವತ್ತು ಪುಟ ಹೊಲ, ಸಮುದ್ರದ ಉಬ್ಬರ, ಹುಲ್ಲು ಕೊಯ್ಯುವ ತಾಯಿ. ನಲವತ್ತೊಂದನೇ ಪುಟದಲ್ಲಿ ತಾಯಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗುತ್ತದೆ.

ಅಮ್ಮ ಕೇಳಿದಳು: ಕಿಟಕಿ ತೆರೆದಿದೆಯಾ, ಮುಚ್ಚಿದೆಯಾ?
ಕೋಣೆಯಲ್ಲಿ ಯಾರೂ ಇರಲಿಲ್ಲ.
ಅವಳೇ ಕೈ ಚಾಚಿ
ಗಾಳಿಯನ್ನು ಕೇಳಿದಳು.

ಹನ್ನೆರಡು ಪುಟ. ಆಸ್ಪತ್ರೆ, ಕತ್ತಲು, ಕೊನೆಗೆ ಸಾವು. ಓದಿ ಮುಗಿಸುವಾಗ ಗಂಜಿ ಸೀದು ಮನೆಯೆಲ್ಲಾ ಹೊಗೆ.

ಇದನ್ನು ಅವಳಿಗೆ ಹೇಗೆ ಓದಲಿ? ಒಂದೊಂದು ತಿಂಗಳಿಗೂ ಇರೀನ್‌ಳ ಅಂಚಿನ ಬೆಳಕು ಸವೆಯುತ್ತಿತ್ತು. ಕಾಫಿ ಬಗ್ಗಿಸುವಾಗ ಬಟ್ಟಲೊಳಗೆ ಬೆರಳಿಟ್ಟು ಅಳತೆ ನೋಡುತ್ತಿದ್ದಳು. ನಾನು ಕಂಡಿಲ್ಲ ಅಂದುಕೊಂಡಿದ್ದಳು. ಅವಳ ಮಣಿಕಟ್ಟು ಮುಟ್ಟುತ್ತಾ ಈ ಸಾಲುಗಳನ್ನು ಹೇಳುವುದೇ? ಬೇಡ ಅಂತ ನಿರ್ಧಾರ ಮಾಡಿದೆ. ಅವಳ ಮೇಲಿನ ಪ್ರೀತಿಯಿಂದ ಅಂತ ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ಪರಿವಿಡಿ ಓದುವಾಗ ಆ ಭಾಗದ ಹೆಸರು ನುಂಗಿದೆ. ನಲವತ್ತನೇ ಪುಟ ಮುಗಿದ ಮೇಲೆ ಆರು ಹಾಳೆ ಒಟ್ಟಿಗೆ ಹಿಡಿದು ಮಗುಚಿದೆ. ಅವಳ ತಲೆ ತಟ್ಟನೆ ಎದ್ದಿತು.

"ಪುಟ ಅಂಟಿಕೊಂಡಿತ್ತಾ?"

"ಹೌದು."

ಅದು ನಾನು ಅವಳಿಗೆ ಹೇಳಿದ ಮೊದಲ ಸುಳ್ಳು. ಎರಡನೇ ಓದಿನಲ್ಲೂ ಬಿಟ್ಟೆ. ಮೂರನೇ ಓದಿನಲ್ಲೂ ಬಿಟ್ಟೆ. ಆರು ಹಾಳೆ ಒಂದೇ ಹಾಳೆಯ ಹಾಗೆ ಸದ್ದಿಲ್ಲದೆ ಮಗುಚುವುದು ನನಗೆ ಅಷ್ಟರಲ್ಲಿ ಬಂದುಬಿಟ್ಟಿತ್ತು.

ವಿಮರ್ಶೆಯನ್ನು ಅವಳು ಹೇಳಿದಳು, ನಾನು ಟೈಪ್ ಮಾಡಿದೆ. 'ಮೊದಲ ಭಾಗದಲ್ಲಿ ಹೊಲದ ತುಂಬಾ ಓಡಾಡುವ ತಾಯಿ ಆಮೇಲೆ ಹೇಳದೆ ಕೇಳದೆ ಮಾಯವಾಗುತ್ತಾಳೆ. ಗೌದೆಗೆ ಒಳ್ಳೆಯ ಕಿವಿ ಇದೆ. ಆದರೆ ಎಲ್ಲಿ ನೋಯುತ್ತದೋ ಅಲ್ಲಿಗೆ ಹೋಗುವ ಧೈರ್ಯ ಈ ಪುಸ್ತಕಕ್ಕೆ ಇಲ್ಲ.'

ನನ್ನ ಬೆರಳು ಕೀಲಿಗಳ ಮೇಲೆ ನಿಂತಿತು. ಈಗಲಾದರೂ ಹೇಳು ಆರ್ವೋ, ಅಂತ ಒಳಗೆ ಯಾರೋ ಅಂದರು. ಅಷ್ಟರಲ್ಲಿ ಅವಳು ಹಿಂದಿನಿಂದ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಈ ಸಂಚಿಕೆ ಆಯ್ತು. ಬೇಸಿಗೇಲೇ ಕೆಲಸ ಬಿಡೋಣ ಅಂದ್ಕೊಂಡಿದ್ದೆ, ಗೊತ್ತಾ? ನೀನು ಬಂದೆ." ಬಗ್ಗಿ, ಕೆನ್ನೆ ಎಲ್ಲಿದೆ ಅಂತ ಮೂಗಿನಿಂದ ಹುಡುಕಿ, ಮುತ್ತು ಕೊಟ್ಟಳು.

ನಾನು ಹೇಳಲಿಲ್ಲ. ಆ ಚಳಿಗಾಲ ನಾನು ಪಟ್ಟ ಸುಖವೆಲ್ಲಾ ಆ ಮೌನದ್ದು.

ಸುಖ ಅಂದರೆ ಏನೂ ದೊಡ್ಡದಲ್ಲ. ಭಾನುವಾರ ಅವಳು ಬೀಟ್‌ರೂಟ್ ಸೂಪು ಮಾಡುತ್ತಿದ್ದಳು, ನಾನು ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡು ಸುಟ್ಟುಕೊಂಡು ಹೋಗುತ್ತಿದ್ದೆ. ಹೆಪ್ಪುಗಟ್ಟಿದ ಸರೋವರದ ದಂಡೆಯಲ್ಲಿ ಅವಳು ನನ್ನ ತೋಳು ಹಿಡಿದು ನಡೆಯುವಳು. "ಮುಂದೆ ಏನಿದೆ ಹೇಳು," ಅನ್ನುವಳು. "ಬಿಳಿ," ಅನ್ನುವೆನು. "ಎಂಥಾ ಬಿಳಿ? ಒಟ್ಟಾರೆ ಬೇಡ." ನಾನು ಪದ ಹುಡುಕುತ್ತಾ ನಿಲ್ಲುವೆನು. ಅವಳು ಕಾಯುವಳು.

*

ಫೆಬ್ರವರಿಯ ಒಂದು ಶುಕ್ರವಾರ ಒಂದು ಮಾತು ಕೇಳಬೇಕು ಅಂತಲೇ ಹೋದೆ. ಒಳ್ಳೆಯ ಅಂಗಿ ಹಾಕಿದ್ದೆ. ನನ್ನ ಮನೆಗೆ ಬಂದುಬಿಡು, ಇಬ್ಬರೂ ಒಟ್ಟಿಗೆ ಇರೋಣ ಅನ್ನುವ ಮಾತನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ.

ಅಡುಗೆಮನೆಯಲ್ಲಿ ಕಾಫಿಯ ವಾಸನೆ ಇರಲಿಲ್ಲ. ಅವಳು ಕೋಟು ಹಾಕಿಕೊಂಡೇ ಕೂತಿದ್ದಳು.

"ಫರ್ಗಸ್ ಫೋನ್ ಮಾಡಿದ್ದ," ಅಂದಳು. "ಗೌದೆ ಪತ್ರ ಬರೆದಿದ್ದಾಳಂತೆ. ಓದಿ ಹೇಳಿದ. ನನಗೆ ಬಾಯಿಪಾಠ ಆಗಿದೆ. ಕೇಳ್ತೀಯಾ? 'ನನ್ನ ತಾಯಿ ಈ ಪುಸ್ತಕದಲ್ಲಿ ಮಾಯವಾಗುತ್ತಾಳೆ ಎಂದು ಬರೆದಿದ್ದೀರಿ. ಅವಳು ನಲವತ್ತೊಂದನೇ ಪುಟದಿಂದ ಐವತ್ತೆರಡನೇ ಪುಟದವರೆಗೆ ಇದ್ದಾಳೆ. ಅಲ್ಲಿಯೇ ಸಾಯುತ್ತಾಳೆ. ನೀವು ಪುಸ್ತಕ ಓದಿದಿರಾ?'"

ನಾನು ಬಾಗಿಲಲ್ಲೇ ನಿಂತಿದ್ದೆ.

"ಪುಟ ಅಂಟಿಕೊಂಡಿತ್ತು ಅಂದೆ ನೀನು," ಅಂದಳು. "ಮೂರು ಸಲ ಅಂಟಿಕೊಂಡಿತ್ತಾ, ಆರ್ವೋ?"

"ಇಲ್ಲ."

"ಯಾಕೆ?"

"ಆ ತಾಯಿಗೆ ಕಣ್ಣು ಹೋಗಿರುತ್ತೆ. ಒಬ್ಬಳೇ ಇರ್ತಾಳೆ. ನಿನಗೆ ನೋವಾಗುತ್ತೆ ಅಂತ..."

"ನೋವಾಗ್ಲಿ ಅಂತಾನೇ ಅಲ್ವಾ ಅವಳು ಬರೆದಿದ್ದು!" ಮೇಜಿನ ಅಂಚು ಹಿಡಿದು ಎದ್ದಳು. "ಒಂಬತ್ತು ವರ್ಷ ಆ ಕೋಣೆಯಲ್ಲಿ ಕೂತಿದ್ದಾಳೆ ಆ ಹುಡುಗಿ. ನಾನು ಅವಳನ್ನ ಹೇಡಿ ಅಂದೆ. ಇಡೀ ದೇಶದ ಮುಂದೆ ಅಂದೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಕೆಟ್ಟ ಮಾತು ಬರೆದಿದ್ದೀನಿ, ಓದದೆ ಒಂದೇ ಒಂದು ಮಾತು ಬರೆದಿಲ್ಲ."

"ತಪ್ಪಾಯ್ತು ಇರೀನ್. ಫರ್ಗಸ್‌ಗೆ ನಾನೇ ಹೇಳ್ತೀನಿ."

"ಏನಂತ ಹೇಳ್ತೀಯ? ಪಾಪ, ಕುರುಡಿ, ತಾಳಿಕೊಳ್ಳಲ್ಲ ಅಂತ?" ಅವಳ ಧ್ವನಿ ಇಳಿಯಿತು. ಕೂಗಿದ್ದರೆ ಚೆನ್ನಾಗಿತ್ತು. "ಮೂರು ವರ್ಷದಿಂದ ನನ್ನ ಕಣ್ಣು ಹೋಗ್ತಾ ಇದೆ. ಆದರೂ ನಾನು ಕುರುಡಿ ಆಗಿರಲಿಲ್ಲ. ನೀನು ಮಾಡಿದೆ."

ಅಭ್ಯಾಸ ಮಾಡಿಕೊಂಡಿದ್ದ ಮಾತನ್ನು ಕೇಳಲೇ ಇಲ್ಲ. ತಂದಿದ್ದ ಪುಲ್ಲಾ ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಮೈನಸ್ ಇಪ್ಪತ್ತೆಂಟು ಇತ್ತು. ಕೈಗವಸು ಒಳಗೇ ಬಿಟ್ಟಿದ್ದೆ, ಕೇಳಲು ಹೋಗಲಿಲ್ಲ.

*

ಒಂಬತ್ತು ದಿನ ಆದ ಮೇಲೆ ಬೆಳಿಗ್ಗೆ ಫೋನು ಬಂತು. "ಬಾ," ಅಂದಳು. "ಆ ಹನ್ನೆರಡು ಪುಟ ಓದು."

"ನಾನೇ ಓದ್ಲಾ?"

"ಬಿಟ್ಟವನೇ ಓದಬೇಕು."

ಮೇಜಿನ ಎರಡು ಬದಿಯಲ್ಲಿ ಕೂತೆವು. ಅವಳು ಕೈ ಚಾಚಲಿಲ್ಲ, ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾನು ಸಾಲು ಸಾಲಿಗೂ ನಿಂತು ಓದಿದೆ. ತಾಯಿ ಗಾಳಿಯನ್ನು ಕೇಳಿದ ಸಾಲಿಗೆ ಅವಳ ಮುಖ ಅಲುಗಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಾಯಿಯ ಹಾಗೆ ಮನೆಯಲ್ಲಿ ಓಡಾಡಿ ನೋಡುವ ಮಗಳ ಪದ್ಯಕ್ಕೆ ಸಣ್ಣಗೆ ತಲೆದೂಗಿದಳು. "ಇಲ್ಲಿ ಒಂದು ಪದ ಹೆಚ್ಚಾಯ್ತು," ಅಂತಲೂ ಅಂದಳು. ನಾನು ಕಾಪಾಡಲು ಹೊರಟಿದ್ದು ಇವಳನ್ನೇ?

ನಲವತ್ತೊಂಬತ್ತನೇ ಪುಟ ಬಂತು.

ಅಪ್ಪ ಕೆಳಗೆ ಕಾರಿನಲ್ಲಿದ್ದ,
ಹೀಟರ್ ಹಾಕಿಕೊಂಡು,
ಮೂರನೇ ಮಹಡಿಯ ಕಿಟಕಿ ಎಣಿಸುತ್ತಾ,
ಯಾವುದು ನಮ್ಮದು ಎಂದು ಮರೆತವನ ಹಾಗೆ.

ಮುಂದಿನ ಸಾಲು ನನ್ನ ಬಾಯಿಂದ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಕನ್ನಡಕ ತೆಗೆದೆ.

"ಆರ್ವೋ?"

"ಕಾರಿನಾ ಸಾಯೋ ದಿನ ಡಾಕ್ಟರು ಫೋನ್ ಮಾಡಿ ಬೇಗ ಬಾ ಅಂದ್ರು," ಅಂದೆ. "ಹೋದೆ. ಆಸ್ಪತ್ರೆ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿದೆ. ಇಳೀಲಿಲ್ಲ. ನಲವತ್ತು ನಿಮಿಷ ಇಳೀಲಿಲ್ಲ ಇರೀನ್. ಮೇಲೆ ಹೋದಾಗ ನರ್ಸು, ಈಗ ತಾನೇ ಅಂದ್ಳು. ನಾನು ಕೈ ಹಿಡ್ಕೊಂಡಿದ್ದೆ ಅಂತ ಎಲ್ಲರಿಗೂ ಹೇಳಿದೀನಿ. ಮಗಳು ಹೆಲ್ಮಿಗೂ ಹಾಗೇ ಹೇಳಿದೀನಿ. ಆರು ವರ್ಷದಿಂದ ಅವಳು ನನಗೆ ಅದಕ್ಕೆ ಥ್ಯಾಂಕ್ಸ್ ಹೇಳ್ತಾಳೆ."

ಅವಳು ಮಡಿಲಲ್ಲಿದ್ದ ಕೈ ಎತ್ತಿ ಮೇಜಿನ ಮೇಲಿಟ್ಟಳು.

"ನನಗೋಸ್ಕರ ಬಿಟ್ಟೆ ಅಂದಿದ್ದೆ ನೀನು," ಅಂದಳು ಇರೀನ್, ಮೆಲ್ಲಗೆ.

"ಅಲ್ಲ, ನನಗೋಸ್ಕರ ಬಿಟ್ಟೆ."

ಅವಳು ಎದ್ದು, ಮೇಜಿನ ಅಂಚು ಸವರುತ್ತಾ ನನ್ನ ಪಕ್ಕಕ್ಕೆ ಬಂದಳು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತಳು. ಎಷ್ಟು ಹೊತ್ತು ಅಂತ ನಾನು ಹೇಳಲಾರೆ. ನನ್ನ ಅಳು ನಿಂತ ಮೇಲೆ ಅಂದಳು, "ಈಗ ಓದು. ಇನ್ನೂ ಮೂರು ಪುಟ ಇದೆ."

ಓದಿದೆ. ಐವತ್ತೆರಡರ ತನಕ ಓದಿದೆ.

ಆಮೇಲೆ ಅವಳು ಹೇಳಿದ್ದನ್ನು ಟೈಪ್ ಮಾಡಿದೆ. 'ಕಳೆದ ಸಂಚಿಕೆಯಲ್ಲಿ ನಾನು ಪೂರ್ತಿ ಓದದ ಪುಸ್ತಕವೊಂದರ ಬಗ್ಗೆ ಬರೆದೆ. ನನಗೆ ಕಣ್ಣು ಕಾಣುವುದಿಲ್ಲ. ಅದನ್ನು ಸಂಪಾದಕರಿಂದ ಬಚ್ಚಿಟ್ಟಿದ್ದೆ. ತಪ್ಪು ನನ್ನದು. ನೋಯೆಲ್ಲಾ ಗೌದೆ ಎಲ್ಲಿ ನೋಯುತ್ತದೋ ಅಲ್ಲಿಗೆ ಹೋಗಿದ್ದಾರೆ. ಹೋಗದೆ ಇದ್ದವಳು ನಾನು.'

"ನನ್ನ ಹೆಸರು ಹಾಕು," ಅಂದೆ. "ಬಿಟ್ಟಿದ್ದು ನಾನು ಅಂತ ಬರಿ."

"ವಿಮರ್ಶೆ ಕೆಳಗೆ ಯಾರ ಹೆಸರಿತ್ತು?"

"ನಿನ್ನದು."

"ಮತ್ತೆ?" ಅಂದಳು. ಆ ಮಾತು ಅಲ್ಲಿಗೆ ಮುಗಿಯಿತು.

ಅದರ ಕೆಳಗೆ ಹನ್ನೆರಡು ಪುಟಗಳ ಬಗ್ಗೆ ಹೊಸ ವಿಮರ್ಶೆ ಬರೆಸಿದಳು. ಒಂದೊಂದೇ ಸಾಲು ಹಿಡಿದು ಹೊಗಳಿದಳು. ಆ ಹೆಚ್ಚಾದ ಒಂದು ಪದವನ್ನೂ ಬಿಡಲಿಲ್ಲ.

ಹೊರಡುವಾಗ ಕೈಗವಸು ಕೊಟ್ಟಳು. ಬಾಗಿಲಲ್ಲಿ ನಿಂತು ನಾನು ಕೊನೆಗೂ ಕೇಳಿದೆ, ಒಳ್ಳೆಯ ಅಂಗಿ ಇಲ್ಲದೆ, ಅಭ್ಯಾಸ ಇಲ್ಲದೆ. "ಇರೀನ್, ನನ್ನ ಜೊತೆ ಬಂದು ಇರ್ತೀಯಾ?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಿನ್ನ ಮೇಲೆ ಪ್ರೀತಿ ಇದೆ," ಅಂದಳು. "ಅದು ಹೋಗಿಲ್ಲ. ಹೋಗಿದ್ರೆ ಸುಲಭ ಆಗ್ತಿತ್ತು. ಆದ್ರೆ ನಿನ್ನ ಜೊತೆ ಇದ್ರೆ ದಿನಾ ಯೋಚನೆ ಮಾಡ್ತೀನಿ, ಇವತ್ತು ಇವನು ಏನು ಬಿಟ್ಟ ಅಂತ. ಹಾಲು ಕೆಟ್ಟಿಲ್ಲ ಅಂದ್ರೆ ನಂಬ್ತೀನಾ? ಡಾಕ್ಟರು ಹೀಗಂದ್ರು ಅಂದ್ರೆ ನಂಬ್ತೀನಾ? ಕಣ್ಣಿರೋರಿಗೆ ಪ್ರೀತಿ ಒಂದಿದ್ರೆ ಸಾಕಾಗಬಹುದು. ನನಗೆ ಸಾಕಾಗಲ್ಲ, ಆರ್ವೋ."

ಒಪ್ಪಿಕೊಂಡೆ. ಕೈಗವಸು ಹಾಕಿಕೊಂಡು ಹೊರಟೆ.

*

ವಿನ್ನಿಪೆಗ್‌ನಲ್ಲಿ ಅವಳ ತಂಗಿ ಇದ್ದಳು. ಆ ಊರಿನಲ್ಲಿ ಬ್ರೈಲ್ ಕಲಿಸುವ ಶಾಲೆಯೂ ಇತ್ತು. ಪುಟವನ್ನು ಚುಕ್ಕಿಗಳಾಗಿ ಬೆರಳಿಗೆ ಕೊಡುವ ಒಂದು ಯಂತ್ರ ಬಂದಿದೆಯಂತೆ, ಒಂದು ವರ್ಷ ಕಲಿತರೆ ತಾನೇ ಓದಬಹುದು ಅಂದಳು.

"ಯಂತ್ರ ಕವಿತೆ ಓದುತ್ತಾ?" ಅಂದೆ.

"ಓದೋದು ನಾನು. ಯಂತ್ರಕ್ಕೆ ನನ್ನ ಮೇಲೆ ಪ್ರೀತಿ ಇಲ್ಲವಲ್ಲ, ಅದು ಏನೂ ಬಿಡಲ್ಲ." ಹೇಳಿ ನಕ್ಕಳು. ನಾನೂ ನಕ್ಕೆ. ಇಬ್ಬರಿಗೂ ನೋವಾಯಿತು.

ಫರ್ಗಸ್ ಅವಳ ಅಂಕಣವನ್ನು ಒಂದು ವರ್ಷ ಖಾಲಿ ಇಡುತ್ತೇನೆ, ಕಲಿತು ಬಾ ಅಂದನಂತೆ. ತಿದ್ದುಪಡಿ ಅಚ್ಚಾದ ಮೇಲೆ ಗೌದೆ ಎರಡೇ ಸಾಲು ಬರೆದಿದ್ದಳು. 'ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವನು ಮೊದಲ ಸಲ ಆ ದಿನದ ಬಗ್ಗೆ ಮಾತಾಡಿದ.' ಅದನ್ನು ಇರೀನ್‌ಗೆ ಓದಿ ಹೇಳಿದ್ದು ನಾನೇ. ಆ ಸಂಜೆಯೇ ಹೆಲ್ಮಿಗೆ ಫೋನ್ ಮಾಡಿ ಪಾರ್ಕಿಂಗಿನ ವಿಷಯ ಹೇಳಿದೆ. ಹೆಲ್ಮಿ ಫೋನ್ ಇಟ್ಟುಬಿಟ್ಟಳು. ಮೂರು ವಾರ ಆದ ಮೇಲೆ ಅವಳೇ ಮಾಡಿದಳು. ಅದು ಬೇರೆ ಕಥೆ, ಇನ್ನೂ ಮುಗಿದಿಲ್ಲ.

ಏಪ್ರಿಲ್ ಕೊನೆಗೆ ಸರೋವರದ ಹಿಮಗಡ್ಡೆ ಒಡೆಯುವ ವಾರ ಇರೀನ್ ಹೊರಟಳು. ವಿಮಾನ ನಿಲ್ದಾಣಕ್ಕೆ ನಾನೇ ಕರೆದುಕೊಂಡು ಹೋದೆ. ಹೊರಗೆ ಮಂಜು ಕವಿದಿತ್ತು. ಬೆಂಚಿನ ಮೇಲೆ ಪಕ್ಕಪಕ್ಕ ಕೂತೆವು. ಅವಳ ಕೈಯಲ್ಲಿ ಹೊಸ ಬಿಳಿ ಕೋಲು, ಇನ್ನೂ ಒಗ್ಗಿರಲಿಲ್ಲ. ಎರಡು ಸಲ ಕೆಳಗೆ ಬಿತ್ತು. ಎತ್ತಿಕೊಡಲು ನಾನು ಬಗ್ಗಲಿಲ್ಲ. ಅವಳೇ ನೆಲ ತಡವಿ ಹುಡುಕಿಕೊಂಡಳು. ಅಷ್ಟನ್ನು ನಾನು ಕಲಿತಿದ್ದೆ.

"ಬೋರ್ಡಲ್ಲಿ ಏನಿದೆ?" ಅಂದಳು.

"ನಿನ್ನ ವಿಮಾನನಾ?"

"ಎಲ್ಲಾ ಓದು."

ಎದ್ದು ನಿಂತು ಓದಿದೆ. "ಟೊರಾಂಟೋ, ನಲವತ್ತು ನಿಮಿಷ ತಡ. ಸೂ ಲುಕೌಟ್, ಮಂಜಿನಿಂದ ರದ್ದು. ಒಟ್ಟಾವಾ, ಒಂದು ಗಂಟೆ ತಡ."

"ವಿನ್ನಿಪೆಗ್?"

ತಡ ಅಂದುಬಿಟ್ಟರೆ ಏನಾಗುತ್ತದೆ? ಇನ್ನೊಂದು ಕಾಫಿ ಕುಡಿಯಬಹುದು, ಅಷ್ಟೇ. ಅವಳ ತೋಳು ನನ್ನ ತೋಳಿಗೆ ತಾಗಿತ್ತು.

"ಸರಿಯಾದ ಸಮಯಕ್ಕೇ ಇದೆ," ಅಂದೆ. "ಹನ್ನೊಂದು ಇಪ್ಪತ್ತು. ಎರಡನೇ ಗೇಟು. ಈಗ ಹತ್ತಿಸ್ಕೊಳ್ತಿದಾರೆ."

ಅವಳು ಏಳಲಿಲ್ಲ. ನನ್ನ ಕೋಟಿನ ಕಾಲರು ಹುಡುಕಿ, ಮೇಲಿನ ಗುಂಡಿ ಹಾಕಿದಳು. ಎರಡನೆಯದನ್ನೂ ಹಾಕಿದಳು. ಕೊನೆಯ ಗುಂಡಿಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದಳು.

"ಥ್ಯಾಂಕ್ಸ್, ಆರ್ವೋ," ಅಂದಳು.

ಎದ್ದಳು. ಕೋಲಿನಿಂದ ನೆಲ ತಟ್ಟುತ್ತಾ, ಒಮ್ಮೆ ಕಂಬಕ್ಕೆ ತಾಗಿ, ಕ್ಷಮಿಸಿ ಅಂತ ಕಂಬಕ್ಕೇ ಹೇಳಿ, ಮುಂದೆ ಹೋದಳು.

ಮಂಜು ಇದ್ದರೂ ವಿಮಾನ ಹನ್ನೊಂದು ಇಪ್ಪತ್ತಕ್ಕೇ ಹೊರಟಿತು.